ಬೆಳಕಿಗಾಗಿ ಬಿಟ್ಟುಕೊಟ್ಟದ್ದು: ಗುರುದತ್ ಮತ್ತು ವಿ.ಕೆ. ಮೂರ್ತಿ

(ಸಿನಿಮಾ ವಿದ್ಯಾರ್ಥಿಗಳಿಗೂ ಆಸಕ್ತರಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಿನಿಮಾ ವಿಮರ್ಶೆಗಳಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: "ನಿರ್ದೇಶಕರ ಕಲ್ಪನೆಗೆ ಛಾಯಾಗ್ರಾಹಕರು ಜೀವ ತುಂಬಿದ್ದಾರೆ." ಮೆಚ್ಚುಗೆಯೇನೋ ಸರಿ, ಆದರೆ ಸೆಟ್‌ನಲ್ಲಿ ನಡೆದದ್ದೇನು ಅನ್ನುವುದು ಅದರಿಂದ ಒಂದಿಷ್ಟೂ ತಿಳಿಯುವುದಿಲ್ಲ. ಕಲ್ಪನೆ ಒಬ್ಬರದು, ಕೈಕೆಲಸ ಇನ್ನೊಬ್ಬರದು ಎಂಬ ಭಾವನೆ ಮಾತ್ರ ಉಳಿಯುತ್ತದೆ. ಶೂಟಿಂಗ್ ಜಾಗದಲ್ಲಿ ಕೆಲಸ ಹೀಗೆ ಎರಡು ಪಾಲಾಗುವುದಿಲ್ಲ. ನಟಿ ಕಿಟಕಿಯಿಂದ ಎರಡು ಹೆಜ್ಜೆ ಈಚೆ ನಿಲ್ಲಲಿ ಎಂದು ನಿರ್ದೇಶಕರು ಹೇಳಿದ ಕ್ಷಣವೇ ಬೆಳಕಿನ ಬಗ್ಗೆಯೂ ಒಂದು ತೀರ್ಮಾನ ಆಗಿಹೋಗಿರುತ್ತದೆ. ಕಿಟಕಿಯಾಚೆ ಒಂದೇ ದೀಪ ಸಾಕು ಎಂದು ಕ್ಯಾಮೆರಾಮನ್ ಹೇಳಿದರೆ, ನಟಿ ಎಲ್ಲಿಯವರೆಗೆ ಓಡಾಡಬಹುದು ಎಂಬುದೂ ಅಲ್ಲೇ ಗೊತ್ತಾಗಿಬಿಡುತ್ತದೆ.

ಹಾಗಾಗಿ ಇಂಥ ಜೋಡಿಯೊಂದನ್ನು ಅಳೆಯಲು ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಆ ಬೆಳಕು ಸಿಗಲೆಂದು ನಿರ್ದೇಶಕರು ಏನನ್ನು ಬಿಟ್ಟುಕೊಟ್ಟರು? ಸಮಯವನ್ನೇ, ನಟರ ಓಡಾಟವನ್ನೇ, ನಾಯಕನ ಮುಖವನ್ನೇ, ತಮ್ಮ ಮೆಚ್ಚಿನ ಲೆನ್ಸನ್ನೇ? ಇವತ್ತು ಹೆಚ್ಚಾಗಿ ಹಿಂದಿ ಚಿತ್ರಗಳ ನಿರ್ದೇಶಕ ಗುರುದತ್ ಮತ್ತು ಅವರ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಬಗ್ಗೆ ಮಾತಾಡುತ್ತೇನೆ. ಅವರ ಚಿತ್ರಗಳಲ್ಲಿ ಈ ಪ್ರಶ್ನೆಗೆ ಉತ್ತರ ತೆರೆಯ ಮೇಲೇ ಕಾಣುತ್ತದೆ.

ಇಬ್ಬರೂ ನಮ್ಮ ಕಡೆಯವರೇ. ವಿ.ಕೆ. ಮೂರ್ತಿ, ಅಂದರೆ ವೆಂಕಟರಾಮ ಪಂಡಿತ ಕೃಷ್ಣಮೂರ್ತಿ, 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಿಂದ 1946ರಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದು ಬೊಂಬಾಯಿಗೆ ಹೋದರು. ಪಿಟೀಲು ನುಡಿಸುತ್ತಿದ್ದರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲನ್ನೂ ಕಂಡಿದ್ದರು. ಗುರುದತ್ ಹುಟ್ಟಿದ್ದು 1925ರಲ್ಲಿ ಬೆಂಗಳೂರಿನಲ್ಲಿ, ಪಡುಕೋಣೆ ಮನೆತನದಲ್ಲಿ. ಇಬ್ಬರೂ ಜೊತೆಯಾದದ್ದು ಬೊಂಬಾಯಿಯ ಸ್ಟುಡಿಯೊದಲ್ಲಿ, 1951ರ 'ಬಾಝಿ' ಚಿತ್ರದ ಸೆಟ್‌ನಲ್ಲಿ. ಅದರ ಛಾಯಾಗ್ರಾಹಕರು ವಿ. ರಾತ್ರಾ, ಮೂರ್ತಿ ಅವರ ಸಹಾಯಕರು. ಗೀತಾ ಬಾಲಿ ಹಾಡುವ ಕ್ಲಬ್ ದೃಶ್ಯಕ್ಕೆ ಕನ್ನಡಿಯ ಪ್ರತಿಬಿಂಬವನ್ನು ಬಳಸಿಕೊಳ್ಳುವ, ಕ್ಯಾಮೆರಾ ಚಲಿಸುವ ಕಷ್ಟದ ಶಾಟ್ ಒಂದನ್ನು ಮೂರ್ತಿ ಸೂಚಿಸಿದರು. ರಾತ್ರಾ ದೊಡ್ಡ ಮನಸ್ಸು ಮಾಡಿ, ನೀನೇ ಮಾಡು ಎಂದು ಬಿಟ್ಟುಕೊಟ್ಟರು. ಶಾಟ್ ನೋಡಿದ ಗುರುದತ್ ಮುಂದಿನ ಚಿತ್ರದಿಂದ ನೀವೇ ನನ್ನ ಕ್ಯಾಮೆರಾಮನ್ ಎಂದರು. ಮರುವರ್ಷದ 'ಜಾಲ್'ನಿಂದ ಆ ಮಾತು ನಡೆಯಿತು.

ಕನ್ನಡಿ ಶಾಟ್ ಏಕೆ ಕಷ್ಟ ಎಂದು ಕೇಳಬಹುದು. ಕನ್ನಡಿಯೊಳಗಿನ ಮುಖಕ್ಕೆ ಫೋಕಸ್ ಮಾಡಬೇಕಾದ್ದು ಕನ್ನಡಿಯ ದೂರಕ್ಕಲ್ಲ. ಕ್ಯಾಮೆರಾದಿಂದ ಕನ್ನಡಿಗೆ 2 ಮೀಟರ್, ಕನ್ನಡಿಯಿಂದ ನಟಿಗೆ 3 ಮೀಟರ್ ಇದ್ದರೆ ಫೋಕಸ್ 5 ಮೀಟರಿಗೆ ಇರಬೇಕು. ಅಲ್ಲಿಂದ ಕ್ಯಾಮೆರಾ ತಿರುಗಿ ಒಂದೂವರೆ ಮೀಟರ್ ದೂರದಲ್ಲಿರುವ ನಟನನ್ನು ಹಿಡಿದರೆ, ಆ ತಿರುಗುವಷ್ಟರಲ್ಲಿ ಫೋಕಸ್ ಪುಲ್ಲರ್ (ಫೋಕಸ್ ಹೊಂದಿಸುವ ಸಹಾಯಕ) 5ರಿಂದ 1.5ಕ್ಕೆ ಇಳಿಸಿರಬೇಕು. ಜೊತೆಗೆ, ಕ್ಯಾಮೆರಾದ ಬೆನ್ನ ಹಿಂದೆ ಇಟ್ಟ ದೀಪಗಳೆಲ್ಲ ಕನ್ನಡಿಗೆ ಕಾಣುತ್ತವೆ. ದೀಪಗಳನ್ನೆಲ್ಲ ಮೇಲಿನ ಅಟ್ಟಣೆಗೆ ಏರಿಸದೆ ಬೇರೆ ದಾರಿಯಿಲ್ಲ. ಸಹಾಯಕನೊಬ್ಬ ಇಷ್ಟನ್ನೂ ಲೆಕ್ಕ ಹಾಕಿಯೇ ಸೂಚನೆ ಕೊಟ್ಟಿದ್ದಾನೆಂದು ಗುರುದತ್‌ಗೆ ತಿಳಿದಿರಬೇಕು. ಆಮೇಲಿನ ಹತ್ತು ವರ್ಷ ಇಬ್ಬರೂ ಮಾಡಿದ ಕೆಲಸ ಇದೇ ಜಾಡಿನದು.

'ಆರ್ ಪಾರ್' (1954), 'ಮಿಸ್ಟರ್ ಅಂಡ್ ಮಿಸೆಸ್ 55' (1955) ಹಗುರ ಧಾಟಿಯ ಚಿತ್ರಗಳು. ಅವುಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನೋಡಲು ಬಹಳ ಚೆಂದ ಎಂದಷ್ಟೇ ಹೇಳುತ್ತೇನೆ. 'ಪ್ಯಾಸಾ'ಕ್ಕೆ (1957) ಬರೋಣ.

ಸತ್ತನೆಂದು ಎಲ್ಲರೂ ನಂಬಿರುವ ಕವಿ, ತನ್ನದೇ ಶ್ರದ್ಧಾಂಜಲಿ ಸಭೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಎರಡೂ ಕೈ ಚಾಚಿ ಬಾಗಿಲ ಚೌಕಟ್ಟು ಹಿಡಿದಿದ್ದಾನೆ, ಬೆಳಕೆಲ್ಲ ಬೆನ್ನ ಹಿಂದೆ. ಶಿಲುಬೆಯ ಆಕಾರ ಎಂದು ಈ ಚಿತ್ರಿಕೆಯನ್ನು ಎಲ್ಲರೂ ವರ್ಣಿಸುತ್ತಾರೆ. ತಾಂತ್ರಿಕವಾಗಿ ಇದರ ಹಿಂದೆ ಇರುವುದು ಒಂದು ಅನುಪಾತ. ಬಾಗಿಲಾಚೆಯ ಬೆಳಕಿಗೆ ಎಕ್ಸ್‌ಪೋಷರ್ ಕಟ್ಟಿ, ಮುಖವನ್ನು ಅದಕ್ಕಿಂತ ಮೂರು–ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಕೆಳಗೆ ಬಿಟ್ಟರೆ ಆಕೃತಿ ಮಾತ್ರ ಉಳಿಯುತ್ತದೆ, ಮುಖಭಾವ ಉಳಿಯುವುದಿಲ್ಲ. ಎರಡೇ ಸ್ಟಾಪ್ ಕೆಳಗಿದ್ದರೆ ಮುಖ ಅರೆಬರೆ ಕಂಡು, ಲೈಟಿಂಗ್ ತಪ್ಪಿದಂತೆ ತೋರುತ್ತದೆ. ಸಭಾಂಗಣದ ಒಳಗಿನ ದೀಪಗಳು ಬಾಗಿಲವರೆಗೆ ಚೆಲ್ಲದಂತೆ ಪ್ರತಿಯೊಂದಕ್ಕೂ ಕಟ್ಟರ್ (ಬೆಳಕು ತಡೆಯುವ ಕಪ್ಪು ಹಲಗೆ) ಹಾಕಬೇಕು. ಎದುರಿನ ಬಿಳಿ ಗೋಡೆಯಿಂದಲೋ ಮುಂದಿನ ಸಾಲಿನವರ ಬಿಳಿ ಜುಬ್ಬಾದಿಂದಲೋ ಪುಟಿದು ಬರುವ ಬೆಳಕೂ ಸಾಕು, ಕಪ್ಪು ಬೂದಿಬಣ್ಣಕ್ಕೆ ತಿರುಗಲು.

ಇಲ್ಲಿ ಬಿಟ್ಟುಕೊಟ್ಟದ್ದೇನು ಅಂದರೆ, ಕಥೆಯ ಶಿಖರದಲ್ಲಿ ನಾಯಕನ ಮುಖ. ಆ ನಾಯಕ ಸ್ವತಃ ನಿರ್ದೇಶಕರೇ. ಇನ್ನೊಂದು ಸಂಗತಿ ಇದೆ. 1957ರಲ್ಲಿ ಸೆಟ್‌ನಲ್ಲಿ ಮಾನಿಟರ್ ಇರಲಿಲ್ಲ. ಗುರುದತ್ ಕ್ಯಾಮೆರಾದ ಮುಂದೆ ಇದ್ದಾಗ ತಾನು ಹೇಗೆ ಕಂಡೆ, ನೆರಳಿನ ಗೆರೆ ದಾಟಿದೆನೇ ಎಂಬುದು ಅವರಿಗೆ ಗೊತ್ತಾಗುತ್ತಿದ್ದುದು ಮೂರ್ತಿಯ ಬಾಯಿಂದ. ಕಣ್ಣಾರೆ ನೋಡಲು ಲ್ಯಾಬ್‌ನಿಂದ ರಶಸ್ (ತೆಗೆದ ಶಾಟುಗಳ ಮೊದಲ ಪ್ರಿಂಟು) ಬರಬೇಕು. ಟೇಕ್ ಸರಿಯಾಯಿತೇ ಎಂಬ ತೀರ್ಪನ್ನೇ ಇನ್ನೊಬ್ಬರ ಕೈಗೆ ಕೊಡಬೇಕಾದ ಪರಿಸ್ಥಿತಿ. ಈ ಜೋಡಿಯ ನಂಬಿಕೆಯ ಬಗ್ಗೆ ಮಾತಾಡುವಾಗ ಜನ ಸ್ನೇಹದ ಕಥೆಗಳನ್ನು ಹೇಳುತ್ತಾರೆ. ನನಗೆ ಇದೇ ದೊಡ್ಡ ಪುರಾವೆ.

ಈಗ 'ಕಾಗಜ್ ಕೆ ಫೂಲ್' (1959). ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಸ್ಕೋಪ್ ಲೆನ್ಸ್ ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಹಿಂಡಿ ಸಾಮಾನ್ಯ 35 ಮಿಮೀ ಫಿಲಂ ಮೇಲೆ ಕೂರಿಸುತ್ತದೆ, ಪ್ರೊಜೆಕ್ಟರಿನ ಲೆನ್ಸ್ ಅದನ್ನು ಮತ್ತೆ ಬಿಡಿಸುತ್ತದೆ. ತೆರೆಯ ಅಗಲ ಎತ್ತರದ 2.35 ಪಟ್ಟು. ಗುರುದತ್‌ಗೆ 75 ಮಿಮೀ, 100 ಮಿಮೀ ಲೆನ್ಸಿನ ಬಿಗಿಯಾದ ಕ್ಲೋಸ್‌ಅಪ್ ಎಂದರೆ ಪ್ರಾಣ. ಸ್ಕೋಪ್‌ನಲ್ಲಿ ಅದು ಸಲೀಸಾಗಿ ಒಗ್ಗುವುದಿಲ್ಲ. ಆರಂಭದ ಸ್ಕೋಪ್ ಲೆನ್ಸುಗಳಲ್ಲಿ ಹತ್ತಿರದ ವಸ್ತುವಿಗೆ ಹಿಂಡುವಿಕೆ ಕಡಿಮೆಯಾಗುತ್ತಿತ್ತು, ತೆರೆಯಲ್ಲಿ ಬಿಡಿಸಿದಾಗ ಮುಖ ಅಗಲವಾಗಿ ಊದಿಕೊಂಡಂತೆ ಕಾಣುತ್ತಿತ್ತು. ಮುಖವನ್ನು ಒಂದು ಪಕ್ಕದಲ್ಲಿಟ್ಟರೆ ತೆರೆಯ ಅರ್ಧಕ್ಕಿಂತ ಹೆಚ್ಚು ಭಾಗ ಖಾಲಿ. ಆ ಖಾಲಿಯನ್ನು ಏನಾದರೂ ಮಾಡಲೇಬೇಕು.

ಬೆಳಕಿನ ಲೆಕ್ಕವೂ ಏರುತ್ತದೆ. ಆ ಲೆನ್ಸುಗಳನ್ನು ಪೂರ್ತಿ ತೆರೆದರೆ ಅಂಚುಗಳು ಮಸುಕಾಗುತ್ತವೆ, ಹಾಗಾಗಿ ಎಫ್ 4ರ (ಎಫ್ ಅಂಕಿ ಹೆಚ್ಚಾದಷ್ಟೂ ಲೆನ್ಸಿನ ಬಾಯಿ ಕಿರಿದು) ಸುತ್ತಮುತ್ತ ಇರುವುದು ಕ್ಷೇಮ. ಛಾಯಾಗ್ರಾಹಕರ ಹಳೆಯ ಸೂತ್ರ ನೆನಪಿಡಿ: ವೇಗ (ಬೆಳಕಿಗೆ ಸ್ಪಂದಿಸುವ ಶಕ್ತಿ) 100ರ ಫಿಲಂ, ಸೆಕೆಂಡಿಗೆ 24 ಫ್ರೇಮ್, ಎಫ್ 2.8 ಇದ್ದರೆ 100 ಫುಟ್‌ಕ್ಯಾಂಡಲ್ (ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬೇಕು. ಫಿಲಂ ವೇಗ 64 ಇದ್ದು ಎಫ್ 4ಕ್ಕೆ ಹೋದರೆ ಸುಮಾರು 310 ಫುಟ್‌ಕ್ಯಾಂಡಲ್. ಆ ಕಾಲದ ಈಸ್ಟ್‌ಮನ್ ಬಣ್ಣದ ಫಿಲಂನ ವೇಗ 25, ದಶಕದ ಕೊನೆಗೆ 50. ವೇಗ 25ಕ್ಕೆ ಅದೇ ಎಫ್ 4ರಲ್ಲಿ 800 ಫುಟ್‌ಕ್ಯಾಂಡಲ್ ಬೇಕು. 1960ರ 'ಚೌದ್ವೀ ಕಾ ಚಾಂದ್' ಶೀರ್ಷಿಕೆ ಗೀತೆಯನ್ನು ಮೂರ್ತಿ ಬಣ್ಣದಲ್ಲಿ ತೆಗೆದಾಗ ದೀಪಗಳ ತಾಪಕ್ಕೆ ಕಣ್ಣು ಕೆಂಪಾಗುತ್ತಿತ್ತೆಂದು ವಹೀದಾ ರೆಹಮಾನ್ ಹೇಳಿದ್ದಾರೆ. ಆ ಅಂಕಿ ನೋಡಿದರೆ ಆಶ್ಚರ್ಯವಿಲ್ಲ.

ಈ ಹಿನ್ನೆಲೆಯಲ್ಲಿ 'ವಕ್ತ್ ನೇ ಕಿಯಾ' ಹಾಡನ್ನು ನೋಡಬೇಕು. ಖಾಲಿ ಸ್ಟುಡಿಯೊ, ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ, ನಡುವೆ ಮೇಲಿನಿಂದ ಓರೆಯಾಗಿ ಇಳಿಯುವ ಒಂದು ದಪ್ಪ ಬೆಳಕಿನ ಕೋಲು. ಗುರುದತ್ ಕೇಳಿದ್ದು ಸ್ಟುಡಿಯೊದೊಳಗೆ ಸೂರ್ಯನ ಕಿರಣ ಬಿದ್ದಂಥ ಬೆಳಕು. ಮೂರ್ತಿ ಎರಡು ದೊಡ್ಡ ಕನ್ನಡಿ ತರಿಸಿದರು. ಒಂದು ಹೊರಗೆ, ಬಿಸಿಲಿಗೆ. ಇನ್ನೊಂದು ಒಳಗೆ, ಎತ್ತರದಲ್ಲಿ. ಹೊರಗಿನದು ಬಿಸಿಲನ್ನು ಒಳಗಿನದಕ್ಕೆ ಎಸೆಯುತ್ತದೆ, ಒಳಗಿನದು ಅದನ್ನು ಕತ್ತಲೆಯ ನೆಲಕ್ಕೆ ಇಳಿಸುತ್ತದೆ.

ದೊಡ್ಡ ಆರ್ಕ್ ದೀಪದಿಂದಲೇ ಇದು ಏಕೆ ಆಗುವುದಿಲ್ಲ? ದೀಪದ ಬೆಳಕು ಹರಡುತ್ತಾ ಹೋಗುತ್ತದೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗ. ದೀಪದಿಂದ 5 ಮೀಟರ್ ದೂರದ ನಟಿಗೂ 10 ಮೀಟರ್ ದೂರದ ನಟನಿಗೂ ಎರಡು ಸ್ಟಾಪ್ ವ್ಯತ್ಯಾಸ ಬೀಳುತ್ತದೆ. ಕೋಲಿನ ಅಂಚುಗಳು ಬೀಸಣಿಗೆಯಂತೆ ತೆರೆದುಕೊಂಡು, ದೀಪ ಎಲ್ಲಿದೆ ಎಂಬುದನ್ನು ಕಣ್ಣಿಗೆ ಹೇಳಿಬಿಡುತ್ತವೆ. ಸೂರ್ಯ ಅಷ್ಟು ದೂರ ಇರುವುದರಿಂದ ಸ್ಟುಡಿಯೊದೊಳಗಿನ ಹತ್ತಿಪ್ಪತ್ತು ಮೀಟರಿನಲ್ಲಿ ಅವನ ಬೆಳಕು ಕುಂದುವುದೇ ಇಲ್ಲ ಎನ್ನಬಹುದು. ಆಕಾಶದಲ್ಲಿ ಸೂರ್ಯನ ಬಿಂಬ ಸುಮಾರು ಅರ್ಧ ಡಿಗ್ರಿ ಅಗಲ. ಹಾಗಾಗಿ 20 ಮೀಟರ್ ಸಾಗಿದ ಮೇಲೂ ಕೋಲು ಹಿಗ್ಗುವುದು 20 ಸೆಂಟಿಮೀಟರಿನಷ್ಟೇ. ಅಂಚು ಗೆರೆ ಎಳೆದಂತೆ ನಿಲ್ಲುತ್ತದೆ.

ಆದರೆ ಸೂರ್ಯ ನಿಲ್ಲುವುದಿಲ್ಲ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕನ್ನಡಿಯನ್ನು ಹಾಗೇ ಬಿಟ್ಟರೆ 20 ಮೀಟರ್ ದಾರಿಯ ಕೊನೆಯಲ್ಲಿ ಬೆಳಕು ನಾಲ್ಕೇ ನಿಮಿಷದಲ್ಲಿ 35 ಸೆಂಟಿಮೀಟರ್ ಆಚೆ ಹೋಗಿರುತ್ತದೆ. ನಟಿಯ ತಲೆಯ ಮೇಲಿದ್ದದ್ದು ಭುಜ ದಾಟಿರುತ್ತದೆ. ಹೊರಗಿನ ಕನ್ನಡಿಯ ಬಳಿ ಒಬ್ಬ ಕಾಯಂ ಇರಬೇಕು. ಕನ್ನಡಿಯನ್ನು ಒಂದು ಪಾಲು ತಿರುಗಿಸಿದರೆ ಬೆಳಕು ಎರಡು ಪಾಲು ತಿರುಗುವುದರಿಂದ, ನಾಲ್ಕು ನಿಮಿಷಕ್ಕೆ ಅರ್ಧ ಡಿಗ್ರಿಯಷ್ಟೇ ಕದಲಿಸಬೇಕು. ಅವಸರದಲ್ಲಿ ಇದನ್ನು ಮರೆತು ಜಾಸ್ತಿ ತಿರುಗಿಸುವುದೇ ಮಾಮೂಲಿ ತಪ್ಪು. ಒಳಗಿನ ಕನ್ನಡಿಯನ್ನು ಒಮ್ಮೆ ಕೂರಿಸಿದ ಮೇಲೆ ಮುಟ್ಟಬಾರದು. ಎರಡನ್ನೂ ಇಬ್ಬರು ತಿದ್ದಲು ಹೊರಟರೆ ಬೆಳಕು ಕೈಗೆ ಸಿಗುವುದಿಲ್ಲ.

ಗಾಳಿಯಲ್ಲಿ ಏನೂ ಇಲ್ಲದಿದ್ದರೆ ಕೋಲು ಕಾಣುವುದಿಲ್ಲ, ನೆಲದ ಮೇಲಿನ ಮಚ್ಚೆ ಮಾತ್ರ ಕಾಣುತ್ತದೆ. ಧೂಳು ಅಥವಾ ಹೊಗೆ ಬೇಕು. ಸಾಂಬ್ರಾಣಿ ಹೊಗೆ ನಮ್ಮ ಸ್ಟುಡಿಯೊಗಳ ಹಳೆಯ ಉಪಾಯ. ಹೊಗೆ ಹೆಚ್ಚಾದರೆ ಕೋಲಿನ ಅಂಚು ಕರಗಿ, ಹಿಂದಿನ ಕತ್ತಲೆಯೆಲ್ಲ ಹಾಲು ಬೆರೆಸಿದಂತಾಗುತ್ತದೆ. ಫ್ಯಾನ್ ನಿಲ್ಲಿಸಿ, ಬಾಗಿಲು ಮುಚ್ಚಿ, ಹೊಗೆ ಸಮನಾಗಿ ಹರಡುವವರೆಗೆ ಕಾದು, ಆಮೇಲೆ ಟೇಕ್. ಕ್ಯಾಮೆರಾ ಬೆಳಕಿನ ಕಡೆಗೆ ಮುಖ ಮಾಡಿದಷ್ಟೂ, ಹಿನ್ನೆಲೆ ಕಪ್ಪಾದಷ್ಟೂ ಕೋಲು ಎದ್ದು ಕಾಣುತ್ತದೆ. ಬೆಳಕಿಗೆ ಬೆನ್ನು ಹಾಕಿ ನಿಂತರೆ ಅದೇ ಹೊಗೆಯಲ್ಲಿ ಅರ್ಧದಷ್ಟೂ ಕಾಣುವುದಿಲ್ಲ.

ಎಕ್ಸ್‌ಪೋಷರಿನ ತೊಡಕು ಇನ್ನೊಂದು. ನಡುಹಗಲ ಬಿಸಿಲು 9,000 ಫುಟ್‌ಕ್ಯಾಂಡಲಿನ ಆಸುಪಾಸು. ಎರಡು ಕನ್ನಡಿಗಳಲ್ಲಿ ಸ್ವಲ್ಪ ಸೋರಿದರೂ ಏಳು ಸಾವಿರ ಉಳಿಯುತ್ತದೆ. ಸೆಟ್‌ನ ಉಳಿದ ಭಾಗಕ್ಕೆ ಮುನ್ನೂರು ಸಾಕು ಅನ್ನುವಾಗ ಆ ಕೋಲಿನೊಳಗೆ ನೇರ ನಿಂತವರ ಮುಖ ನಾಲ್ಕೂವರೆ ಸ್ಟಾಪ್ ಮೇಲೆ ಹೋಗಿ ಬಿಳಿಚಿಬಿಡುತ್ತದೆ. ಆದ್ದರಿಂದ ಬೆಳಕಿನ ಅಂಚು ನಟರನ್ನು ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು ಎಂಬುದು ನಟನೆಯ ಪ್ರಶ್ನೆಯೂ ಹೌದು, ಬೆಳಕು ಅಳೆಯುವ ಮೀಟರಿನ ಪ್ರಶ್ನೆಯೂ ಹೌದು. ಆ ಹಾಡಿನಲ್ಲಿ ಇಬ್ಬರೂ ಬಹಳ ಹೊತ್ತು ನಿಂತೇ ಇರುತ್ತಾರೆ. ಕಥೆಗೆ ಅದು ಸರಿ, ಹತ್ತಿರ ಬರಲಾರದ ಇಬ್ಬರ ಹಾಡು ಅದು. ಬೆಳಕಿಗೂ ಅದೇ ಬೇಕಿತ್ತು. ನಿಂತ ದೇಹಗಳಿಂದ ಪಾರದರ್ಶಕ ಆಕೃತಿಗಳು ಹೊರಬಂದು ಬೆಳಕಿನಲ್ಲಿ ಕೂಡುವ ಭಾಗವಿದೆಯಲ್ಲ, ಒಂದೇ ಫಿಲಂ ಮೇಲೆ ಎರಡು ಸಲ ತೆಗೆಯುವ ಆ ಡಬಲ್ ಎಕ್ಸ್‌ಪೋಷರಿಗೂ ಎರಡು ಷರತ್ತು: ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು, ಹಿನ್ನೆಲೆ ಕಪ್ಪಾಗಿರಬೇಕು. ಹಿನ್ನೆಲೆಯಲ್ಲಿ ಬೆಳಕಿದ್ದರೆ ಎರಡನೆಯ ಬಿಂಬ ಅದರಲ್ಲಿ ಕರಗುತ್ತದೆ. ಸ್ಕೋಪ್ ತೆರೆಯ ಆ ದೊಡ್ಡ ಖಾಲಿ ಈಗ ಕೆಲಸಕ್ಕೆ ಬಂತು, ನೋಡಿ.

ಹಾಗಾದರೆ ಇಲ್ಲಿ ಗುರುದತ್ ಕೊಟ್ಟದ್ದೇನು? ದಿನದ ಕೆಲಸದ ಮೇಲಿನ ಹಿಡಿತ. ಬಿಸಿಲು ಸರಿಯಾದ ಕೋನದಲ್ಲಿ ಬೀಳುವ ಹೊತ್ತು ಮಾತ್ರ ಶೂಟಿಂಗ್, ಉಳಿದ ಹೊತ್ತು ಕಾಯುವುದು. ಅವರು ಸ್ವತಃ ನಿರ್ಮಾಪಕರೂ ಆಗಿದ್ದರು, ಕಾಯುವ ಪ್ರತಿ ಗಂಟೆಯ ಬಾಡಿಗೆ ಅವರದೇ ಜೇಬಿನಿಂದ. ಚಿತ್ರ ಸೋತಿತು, ಆ ಮೇಲೆ ಯಾವ ಚಿತ್ರಕ್ಕೂ ಅವರು ನಿರ್ದೇಶಕರಾಗಿ ಹೆಸರು ಹಾಕಿಕೊಳ್ಳಲಿಲ್ಲ. ಮೂರ್ತಿಗೆ ಅದೇ ಚಿತ್ರಕ್ಕೆ ಫಿಲಂಫೇರ್ ಪ್ರಶಸ್ತಿ ಬಂತು.

ಎರಡನೆಯ ಫಿಲಂಫೇರ್ ಬಂದದ್ದು 'ಸಾಹಿಬ್ ಬೀಬಿ ಔರ್ ಗುಲಾಮ್'ಗೆ (1962). ನಿರ್ದೇಶಕರ ಹೆಸರು ಅಬ್ರಾರ್ ಅಲ್ವಿ, ನಿರ್ಮಾಣ ಗುರುದತ್‌ರದು. ಅದರ 'ಸಾಕಿಯಾ ಆಜ್ ಮುಝೇ' ಹಾಡು ಬೆಳಕಿನ ಪಾಠಕ್ಕೆ ಬಹಳ ಒಳ್ಳೆಯದು. ಮುಖ್ಯ ನರ್ತಕಿ ಮೀನೂ ಮುಮ್ತಾಜ್ ಬೆಳಕಿನಲ್ಲಿ, ಸಹನರ್ತಕಿಯರು ನೆರಳಿನಲ್ಲಿ. ಹಾಡಿನುದ್ದಕ್ಕೂ ಅವರ ಮುಖ ಬೆಳಗುವುದಿಲ್ಲ, ದೇಹದ ರೇಖೆ ಮಾತ್ರ ಕುಣಿಯುತ್ತದೆ. ಸಾಲಿನಲ್ಲಿರುವವರನ್ನು ಹೀಗೆ ಕತ್ತಲಲ್ಲಿಡಬೇಕಾದರೆ ಮೇಲಿನ ದೀಪಗಳಿಗೆ ಕಟ್ಟರ್ ಹಾಕಿ ನೆಲದ ಮೇಲೆ ಬೆಳಕಿನ ಗಡಿ ಕೊಯ್ಯಬೇಕು. ಆ ಗಡಿಯನ್ನು ಸೀಮೆಸುಣ್ಣದಲ್ಲಿ ಗುರುತಿಸಿ ನರ್ತಕಿಯರಿಗೆ ತೋರಿಸಬೇಕು. ಒಬ್ಬಳು ಒಂದಡಿ ಮುಂದೆ ಬಂದರೂ ಮೂಗಿನ ತುದಿ ಹೊಳೆದು ಟೇಕ್ ಹಾಳು. ಕೈ ಚಾಚಿದಾಗ ಬೆರಳು ಬೆಳಕಿಗೆ ಹೋಗಬಹುದೇ, ಹೋಗಬಾರದೇ ಎಂಬುದೂ ನಿರ್ಧಾರವಾಗಿರಬೇಕು. ಹಿಂದಿನ ಗೋಡೆ ಅಥವಾ ನೆಲ ನರ್ತಕಿಯರಿಗಿಂತ ಬೆಳಕಾಗಿರಬೇಕು, ಇಲ್ಲವಾದರೆ ಕಪ್ಪಿನ ಮೇಲೆ ಕಪ್ಪು ಸೇರಿ ರೇಖೆಯೇ ಇರುವುದಿಲ್ಲ. ಅಂದರೆ ನೃತ್ಯ ಸಂಯೋಜನೆಯೇ ಲೈಟಿಂಗಿನ ಅಳತೆಗೆ ಬಂತು. ಹಾಡೆಂದರೆ ಎಲ್ಲರನ್ನೂ ಝಗಮಗ ತೋರಿಸುವುದು ಎಂದಿದ್ದ ಕಾಲದಲ್ಲಿ ಇದಕ್ಕೆ ಒಪ್ಪುವುದು ಸಣ್ಣ ಮಾತಲ್ಲ.

ಗುರುದತ್ 1964ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆಗ ಅವರಿಗೆ 39 ವರ್ಷ.

ಇತ್ತ ಐವತ್ತರ ದಶಕದಲ್ಲೇ ಕಲ್ಕತ್ತೆಯಲ್ಲಿ ಇನ್ನೊಂದು ಜೋಡಿ ಬೆಳಕನ್ನು ನೇರ ಉಲ್ಟಾ ದಾರಿಯಿಂದ ಹಿಡಿಯಿತು: ನಿರ್ದೇಶಕ ಸತ್ಯಜಿತ್ ರಾಯ್ ಮತ್ತು ಛಾಯಾಗ್ರಾಹಕ ಸುಬ್ರತ ಮಿತ್ರ. 'ಪಥೇರ್ ಪಾಂಚಾಲಿ' ಶುರುವಾದಾಗ ಮಿತ್ರರಿಗೆ 21ರ ಪ್ರಾಯ. ಅದಕ್ಕೆ ಮುಂಚೆ ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ. ಎರಡನೆಯ ಚಿತ್ರ 'ಅಪರಾಜಿತೋ'ಗೆ (1956) ಕಾಶಿಯ ಮನೆಯೊಂದರ ಒಳಾಂಗಳವನ್ನು ಸ್ಟುಡಿಯೊದಲ್ಲಿ ಕಟ್ಟಬೇಕಾಯಿತು, ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ. ಸುತ್ತ ಎತ್ತರದ ಗೋಡೆ, ಮೇಲೆ ತೆರೆದ ಆಕಾಶ. ಅಂಥ ಅಂಗಳಕ್ಕೆ ಬಿಸಿಲು ನೇರ ಬೀಳುವುದಿಲ್ಲ, ಆಕಾಶದಿಂದ ಇಳಿಯುವ ಬೆಳಕಿಗೆ ನೆರಳಿನ ಅಂಚೇ ಇರುವುದಿಲ್ಲ. ಸ್ಟುಡಿಯೊ ದೀಪಗಳನ್ನು ನೇರ ತಿರುಗಿಸಿದರೆ ಪ್ರತಿ ಕಂಬಕ್ಕೂ ಮೂರು ನಾಲ್ಕು ನೆರಳು. ಇದು ಸುಳ್ಳಾಗಿ ಕಾಣುತ್ತದೆ ಎಂದು ಮಿತ್ರ ತಕರಾರು ತೆಗೆದರು. ಆಮೇಲೆ ಪರಿಹಾರವನ್ನೂ ಕಂಡುಕೊಂಡರು. ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಕೆಳಗಿನಿಂದ ಆ ಬಟ್ಟೆಗೆ ತಿರುಗಿಸಿದರು. ಬಟ್ಟೆಯಿಂದ ಪುಟಿದು ಕೆಳಗಿಳಿದದ್ದೇ ಆಕಾಶದ ಬೆಳಕಾಯಿತು. ಇಂದು ಮದುವೆ ವಿಡಿಯೊ ತೆಗೆಯುವವರೂ ಥರ್ಮಾಕೋಲ್ ಹಿಡಿದು ಮಾಡುವ ಬೌನ್ಸ್ ಲೈಟಿಂಗ್ ಅದು. ಆಗ ಅದು ಹೊಸದು.

ಬೌನ್ಸ್‌ಗೆ ತೆರಬೇಕಾದ ಬೆಲೆ ಬೆಳಕೇ. ಬಟ್ಟೆ ಎಷ್ಟೇ ಬೆಳ್ಳಗಿದ್ದರೂ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುವುದರಿಂದ ನಟರ ಮೇಲೆ ಬೀಳುವುದು ನೇರ ದೀಪಕ್ಕಿಂತ ಹಲವು ಸ್ಟಾಪ್ ಕಡಿಮೆ. ವೇಗದ ಫಿಲಂ ಇದ್ದರೆ ಅನುಕೂಲ. ಅಪರ್ಚರ್ (ಲೆನ್ಸಿನ ಬಾಯಿ) ಹೆಚ್ಚು ತೆರೆದರೆ ಫೋಕಸಿನ ಆಳ ಕಡಿಮೆ, ನಟರು ಹಿಂದೆ ಮುಂದೆ ಸರಿಯುವಂತಿಲ್ಲ. ಆದರೆ ಅಕ್ಕಪಕ್ಕ ಎಲ್ಲಿ ಬೇಕಾದರೂ ಹೋಗಬಹುದು, ಎಲ್ಲ ಕಡೆಯೂ ಬೆಳಕು ಒಂದೇ. ಮೂರ್ತಿಯ ಬೆಳಕು ನಟರನ್ನು ಗಡಿಯೊಳಗೆ ನಿಲ್ಲಿಸುತ್ತದೆ, ಮಿತ್ರರ ಬೆಳಕು ಅಂಗಳದಲ್ಲಿ ಅಡ್ಡಾಡಲು ಬಿಡುತ್ತದೆ. ಇಬ್ಬರು ನಿರ್ದೇಶಕರ ನಟನಾ ಶೈಲಿ ಬೇರೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. 'ಚಾರುಲತಾ' (1964) ಚಿತ್ರಕ್ಕೆ ಮಿತ್ರ ಮರದ ಪೆಟ್ಟಿಗೆಗಳಲ್ಲಿ ಮನೆಯ ಬಲ್ಬುಗಳನ್ನು ಕೂರಿಸಿ ಮುಂದೆ ಟಿಶ್ಯೂ ಕಾಗದ ಅಂಟಿಸಿದ ದೀಪಗಳನ್ನು ಮಾಡಿಕೊಂಡರು. ಅದೇ ಚಿತ್ರದಿಂದ ರಾಯ್ ಕ್ಯಾಮೆರಾವನ್ನು ತಾವೇ ನಡೆಸತೊಡಗಿದರು. 1966ರ 'ನಾಯಕ್' ಈ ಜೋಡಿಯ ಕೊನೆಯ ಚಿತ್ರ.

ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಮತ್ತು ಛಾಯಾಗ್ರಾಹಕ ಸ್ವೆನ್ ನಿಕ್ವಿಸ್ಟ್ ಬಗ್ಗೆ ಒಂದೇ ಮಾತು. ಚರ್ಚಿನೊಳಗೆ ನಡೆಯುವ 1963ರ ಚಿತ್ರಕ್ಕೆ ಮುಂಚೆ ಇಬ್ಬರೂ ಚರ್ಚುಗಳಲ್ಲಿ ಗಂಟೆಗಟ್ಟಲೆ ಕುಳಿತು ಚಳಿಗಾಲದ ಬೆಳಕು ಹೇಗೆ ಬದಲಾಗುತ್ತದೆಂದು ನೋಡಿದರು. ಲೊಕೇಶನ್ ನೋಡಲು ಹೋಗಿ ಹತ್ತು ನಿಮಿಷದಲ್ಲಿ ಮೊಬೈಲ್ ಫೋಟೊ ತೆಗೆದು ಬರುವವರು ಇದನ್ನು ಗಮನಿಸಬೇಕು.

ಮೂರ್ತಿಯ ಎಳೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ 1962ರಲ್ಲಿ ಓದು ಮುಗಿಸಿದ ಗೋವಿಂದ ನಿಹಲಾನಿ, ಮೂರ್ತಿಯ ಸಹಾಯಕರಾಗಿ ಕೆಲಸ ಕಲಿತರು. ಗಿರೀಶ್ ಕಾರ್ನಾಡರ 'ಕಾಡು' (1973) ಚಿತ್ರಕ್ಕೆ ಕ್ಯಾಮೆರಾ ಅವರದೇ. ಆಮೇಲೆ ಶ್ಯಾಮ್ ಬೆನಗಲ್ ಜೊತೆ 'ಅಂಕುರ್', 'ನಿಶಾಂತ್', 'ಮಂಥನ್', 'ಭೂಮಿಕಾ'. ಬೆನಗಲ್ ಗುರುದತ್‌ಗೆ ಸಂಬಂಧಿಕರು, ಇಬ್ಬರ ಅಜ್ಜಿಯರು ಅಕ್ಕತಂಗಿಯರು. 'ಭೂಮಿಕಾ'ದಲ್ಲಿ ನಟಿಯೊಬ್ಬಳ ಬದುಕಿನ ಬೇರೆ ಬೇರೆ ಕಾಲಗಳಿಗೆ ಕಪ್ಪು-ಬಿಳುಪನ್ನೂ ಬಣ್ಣವನ್ನೂ ಬೆರೆಸಿದ್ದಾರೆ. ನಿಹಲಾನಿ ನಿರ್ದೇಶಕರಾಗಿ 'ತಮಸ್' ಮಾಡಿದಾಗ ಕ್ಯಾಮೆರಾಕ್ಕೆ ಗುರುವನ್ನೇ ಕರೆದರು. ಮೂರ್ತಿ ಕನ್ನಡದಲ್ಲಿ ಮಾಡಿದ್ದು ರಾಜೇಂದ್ರಸಿಂಗ್ ಬಾಬು ಅವರ 'ಹೂವು ಹಣ್ಣು' (1993). ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು, 2008ರ ಸಾಲಿಗೆ. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಕನ್ನಡದಲ್ಲಿ ಹೀಗೆ ನೋಡಬೇಕಾದ ಹೆಸರು ಎಸ್. ರಾಮಚಂದ್ರ. ಬಿ.ವಿ. ಕಾರಂತರ 'ಚೋಮನ ದುಡಿ' (1975), ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಎರಡೂ ಅವರ ಕಪ್ಪು-ಬಿಳುಪು. 'ಘಟಶ್ರಾದ್ಧ'ದ ನವೀಕರಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಹಳೆಯ ಮಸುಕು ಪ್ರತಿಗಳಲ್ಲಷ್ಟೇ ನೋಡಿದವರು ದಯವಿಟ್ಟು ಇದನ್ನು ಹುಡುಕಿ ನೋಡಿ. ನೆರಳಿನೊಳಗೆ ಎಷ್ಟು ಬಗೆಯ ಕಪ್ಪಿದೆ ಎಂಬುದು ಸವೆದ ಪ್ರಿಂಟಿನಲ್ಲಿ ಗೊತ್ತಾಗುವಂಥದ್ದಲ್ಲ.

ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸುತ್ತಿದ್ದೇನೆ.

ಒಬ್ಬರು ಕೇಳಿದರು: ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಇಷ್ಟೆಲ್ಲ ಲೆಕ್ಕ ಬೇಕೇ?

ಬೆಳಕಿನ ಪ್ರಮಾಣದ ಲೆಕ್ಕ ಸಡಿಲವಾಗಿದೆ, ನಿಜ. ವೇಗ 800ಕ್ಕೆ ಎಫ್ 4ರಲ್ಲಿ 25 ಫುಟ್‌ಕ್ಯಾಂಡಲ್ ಸಾಕು. ಆದರೆ ದಿಕ್ಕಿನ ಲೆಕ್ಕ ಹಾಗೇ ಇದೆ. ನೆರಳು ಬಲಕ್ಕೆ ಬಿದ್ದದ್ದನ್ನು ಬಣ್ಣ ತಿದ್ದುವ ಗ್ರೇಡಿಂಗ್ ಕೋಣೆಯಲ್ಲಿ ಎಡಕ್ಕೆ ಹಾಕಲು ಬರುವುದಿಲ್ಲ. ಶೂಟಿಂಗ್‌ಗೆ ಮುಂಚೆ ಇಬ್ಬರೂ ಕೂತು ದೃಶ್ಯವಾರು ಬರೆದುಕೊಳ್ಳಬೇಕು: ಬೆಳಕಿನ ಮೂಲ ಯಾವುದು, ಕಿಟಕಿಯೋ ದೀಪವೋ, ಯಾವ ಸ್ಟಾಪ್‌ನಲ್ಲಿ ತೆಗೆಯುತ್ತೇವೆ, ಯಾವ ಎರಡು ಮೂರು ಲೆನ್ಸ್ ಸಾಕು. ಹೊರಾಂಗಣವಾದರೆ ಒಂದೇ ದಿಕ್ಕಿಗೆ ನೋಡುವ ಶಾಟ್‌ಗಳನ್ನೆಲ್ಲ ಒಟ್ಟಿಗೆ ಮುಗಿಸಿ, ವೈಡ್ ಶಾಟನ್ನು ಮೊದಲು ತೆಗೆಯಿರಿ. ಸಂಜೆಯ ಬಿಸಿಲಿನಲ್ಲಿ ಕ್ಲೋಸ್‌ಅಪ್‌ಗೆ ಬಟ್ಟೆ ಹಿಡಿದು ಬೆಳಕು ಸರಿಮಾಡಬಹುದು, ಇಡೀ ಗದ್ದೆಗೆ ಬಟ್ಟೆ ಹಿಡಿಯಲಾಗದು. ನಾನು ನೋಡಿರುವ ಮಟ್ಟಿಗೆ ಹೆಚ್ಚು ಹಾಳಾಗುವುದು ಒಂದೇ ಕಾರಣಕ್ಕೆ: ಲೈಟಿಂಗ್ ಮುಗಿದ ಮೇಲೆ ನಿರ್ದೇಶಕರು ನಟರ ಜಾಗ ಬದಲಿಸುತ್ತಾರೆ. ಮೊದಲು ನಟರೊಂದಿಗೆ ರಿಹರ್ಸಲ್, ನೆಲಕ್ಕೆ ಟೇಪಿನ ಗುರುತು, ಆಮೇಲೆ ದೀಪ. ಈ ಕ್ರಮ ತಪ್ಪಿಸಬೇಡಿ.

ಇನ್ನೊಬ್ಬರದು: ಆ ಕನ್ನಡಿಯ ಬೆಳಕನ್ನು ನಾವು ಮಾಡಿ ನೋಡಬಹುದೇ?

ಖಂಡಿತ ಮಾಡಿ. ನಾಲ್ಕಡಿ ಚೌಕದ ಎರಡು ಕನ್ನಡಿ ಸಾಕು. ಹಿಂಬದಿಗೆ ಪ್ಲೈವುಡ್ ಅಂಟಿಸಿ, ಅಂಚಿಗೆ ಟೇಪ್ ಸುತ್ತಿ, ಒಡೆದರೂ ಚೂರು ಹಾರಬಾರದು. ಕನ್ನಡಿ ಸಮತಟ್ಟಾಗಿರಬೇಕು, ತೆಳು ಕನ್ನಡಿ ತನ್ನ ಭಾರಕ್ಕೆ ಬಾಗಿದರೆ ಬೆಳಕು ಒಂದೆಡೆ ಕೂಡಿಕೊಂಡು ಮಚ್ಚೆ ವಕ್ರವಾಗುತ್ತದೆ, ತೀರಾ ಬಾಗಿದರೆ ಪರದೆಗೆ ಬೆಂಕಿ ತಗುಲುವ ಅಪಾಯವೂ ಇದೆ. ನಿಲ್ಲಿಸುವ ಸ್ಟ್ಯಾಂಡಿಗೆ ಮರಳಿನ ಚೀಲ ಹಾಕಿ, ಗಾಳಿಗೆ ಕನ್ನಡಿ ಹಾಯಿಯಂತೆ ಹಿಡಿದುಕೊಳ್ಳುತ್ತದೆ. ಹೊರಗಿನ ಕನ್ನಡಿಯ ಬಳಿ ಸದಾ ಒಬ್ಬರು ಇರಲೇಬೇಕು, ಶಾಟ್ ಇಲ್ಲದಾಗ ಅದಕ್ಕೆ ಕಂಬಳಿ ಹೊದಿಸಿ. ನಟರು ಕೋಲಿನ ಮೂಲದ ಕಡೆ ನೇರ ಕಣ್ಣಿಟ್ಟು ನೋಡಬಾರದು, ಅದು ಸೂರ್ಯನನ್ನೇ ನೋಡಿದಂತೆ. ಮಚ್ಚೆಯ ಅಂಚಿಗೆ ನೆಲದ ಮೇಲೆ ಟೇಪ್ ಹಾಕಿಕೊಂಡರೆ ಎಷ್ಟು ಸರಿದಿದೆ ಎಂದು ಹೊರಗಿನವರಿಗೆ ವಾಕಿಟಾಕಿಯಲ್ಲಿ ಹೇಳಬಹುದು. ಬೆಂಗಳೂರಿನಲ್ಲಾದರೆ ಜನವರಿಯಿಂದ ಮಾರ್ಚ್‌ವರೆಗಿನ ತಿಳಿ ಆಕಾಶದ ದಿನಗಳನ್ನು ಆರಿಸಿಕೊಳ್ಳಿ. ಮೋಡ ಅಡ್ಡ ಬಂದರೆ ದೀಪ ಹಚ್ಚಿ ಹೊಂದಿಸಲು ಹೋಗಬೇಡಿ, ಹೊಂದುವುದಿಲ್ಲ. ಆ ಹೊತ್ತಿನಲ್ಲಿ ಕೋಲು ಕಾಣದ ಕ್ಲೋಸ್‌ಅಪ್‌ಗಳನ್ನು ತೆಗೆದುಕೊಳ್ಳಿ, ಮೋಡ ಸರಿದ ಮೇಲೆ ಹೊಗೆ ಮತ್ತೆ ಹರಡಿ ವೈಡ್ ಶಾಟಿಗೆ ಬನ್ನಿ.